ಮಾವನ ಕಾರಿನ ಕಪ್ಪು ಕಣ್ಣು

ನಮ್ಮಜ್ಜಿ ಹೇಳುವ ಕಥೆಗಳಲ್ಲಿ ಯಾರಿಗಾದರೂ ಕೇಡುಗಾಲ ಬರುವುದಿದ್ದರೆ ಅವರು ಮೊದಲು ಪಕ್ಕದವರ ಅಂಗಳ ನೋಡುತ್ತಾರೆ. ರಾಜನಾದರೆ ಪಕ್ಕದ ರಾಜನ ಆನೆಯನ್ನು ನೋಡುತ್ತಾನೆ. ಕಾಗೆಯಾದರೆ ಪಕ್ಕದ ಮರದ ನವಿಲನ್ನು ನೋಡುತ್ತದೆ. ನಮ್ಮ ಮಾವ ಎದುರುಮನೆ ಮೇಷ್ಟ್ರ ಅಳಿಯನ ಕಾರು ನೋಡಿದರು.

ಆ ಕಾರಿನ ಹೆಡ್‌ಲೈಟುಗಳಿಗೆ ಹೊಗೆಯಂಥ ಕಪ್ಪು ಬಣ್ಣ ಬಳಿದ ಗಾಜು. ನಿಂತಲ್ಲೇ ನಿಂತು, ರೆಪ್ಪೆ ಅರ್ಧ ಮುಚ್ಚಿ, ಬೀದಿಯವರನ್ನೆಲ್ಲ ‘ಯಾರ್ರೀ ನೀವೆಲ್ಲ?’ ಎಂದು ಕೇಳುವ ಹಾಗೆ ನೋಡುತ್ತಿತ್ತು. ಅದರ ಎದುರಿಗೇ ನಮ್ಮ ಮಾವನ ಹಳೇ ಕಾರು. ಕೆನೆ ಬಣ್ಣ, ಎರಡು ದುಂಡನೆಯ ಬಿಳೀ ಹೆಡ್‌ಲೈಟು, ಕರು ಕಳೆದುಕೊಂಡ ಹಸುವಿನ ನೋಟ.

ಮೇಷ್ಟ್ರು ನಿವೃತ್ತರಾದ ಮೇಲೆ ಅಂಕ ಕೊಡಲು ಮಕ್ಕಳಿಲ್ಲದೆ ಬೀದಿಯವರಿಗೆ ಕೊಡುತ್ತಿದ್ದರು. ಅವತ್ತು ಎರಡೂ ಕಾರುಗಳ ನಡುವೆ ಕೈಕಟ್ಟಿ ನಿಂತು, “ನಿಮ್ಮ ಕಾರು ಪಾಪ ಕಣ್ರೀ. ಯಾವಾಗ್ಲೂ ಏನೋ ಕಳ್ಕೊಂಡು ಹುಡುಕ್ತಿರೋ ಹಾಗೆ ನೋಡುತ್ತೆ” ಅಂದರು.

ಮಾವ ನಕ್ಕರು. ಆದರೆ ಊಟಕ್ಕೆ ಕೂತಾಗ ನೀರಿನ ಲೋಟದೊಳಗೆ ಅನ್ನ ಕಲಸಿದರು. ಅತ್ತೆ ಅದನ್ನು ನೋಡಿಯೂ ಸುಮ್ಮನಿದ್ದಳು. ಮದುವೆಯಾದ ಮೇಲೆ ಅವಳು ಕಲಿತ ಮೊದಲ ವಿದ್ಯೆ ಅದು.

ಮಾವನದು ಕನ್ನಡಕದ ಅಂಗಡಿ. ಓದು ಮುಗಿಸಿದ ನಾನು, ಕೆಲಸ ಸಿಗುವವರೆಗೆ ಅಂತ ಅಲ್ಲಿಯ ಗಲ್ಲಾದ ಹಿಂದೆ ಕೂತಿದ್ದೆ. ಕೆಲಸ ನನ್ನನ್ನು ಇನ್ನೂ ಹುಡುಕುತ್ತಲೇ ಇದೆ, ದಾರಿ ತಪ್ಪಿರಬೇಕು. ಅಂಗಡಿ ನಡೆಯುತ್ತಿದ್ದದ್ದು ಮುಖ್ಯವಾಗಿ ಬಸ್ ಡಿಪೋದ ದಯೆಯಿಂದ. ವರ್ಷಕ್ಕೊಮ್ಮೆ ಡಿಪೋದ ಡ್ರೈವರುಗಳೆಲ್ಲ ಸಾಲಾಗಿ ಬಂದು, ಮಾವನ ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ಅಕ್ಷರದ ಬೋರ್ಡು ಓದಬೇಕು. ಮಾವ ಸರಿ ಅಂದರೆ ಬಸ್ಸು, ಇಲ್ಲವಾದರೆ ಕನ್ನಡಕ. ಡಿಪೋ ಸಾಹೇಬರು ತಾವೇ ಮೊದಲು ಬಂದು, ಮಾದರಿಗೆ ಅಂತ ಬೋರ್ಡನ್ನು ತುದಿಯಿಂದ ಬುಡದವರೆಗೆ ಒಂದೇ ಉಸಿರಿಗೆ ಓದಿ, “ಕಣ್ಣು ಅಂದ್ರೆ ಹೀಗಿರ್ಬೇಕು!” ಎಂದು ಮೀಸೆ ತೀಡಿಕೊಂಡು ಎದ್ದು ಹೋಗುವುದು ವಾಡಿಕೆ. ಡ್ರೈವರುಗಳು ಚಪ್ಪಾಳೆ ತಟ್ಟುವುದೂ ವಾಡಿಕೆ.

ಅಂಥ ಬೆಳಕಿನ ವ್ಯಾಪಾರಿಯ ಕಾರಿಗೆ ಹಸುವಿನ ಕಣ್ಣೇ?

“ಕಪ್ಪು ಬಣ್ಣ ಬಳಿಸಿಬಿಡಿ, ಮುಗೀತು” ಅಂದಳು ಅತ್ತೆ.

“ಬಣ್ಣ ಬಳಿದ್ರೆ ರಾತ್ರಿ ಬೆಳಕು ಎಲ್ಲಿಂದ ಬರುತ್ತೆ? ಮೇಷ್ಟ್ರ ಅಳಿಯ ಮಾಡಿರೋ ತಪ್ಪೇ ಅದು. ಸಾಮಾನ್ಯ ಜನ ಮಾಡೋ ತಪ್ಪು” ಅಂದರು ಮಾವ. ತಾನು ಸಾಮಾನ್ಯ ಜನ ಅಲ್ಲ ಎಂಬುದು ಅವರ ಹುಬ್ಬಿನಲ್ಲೇ ಇತ್ತು. “ಬಿಸಿಲಿಗೆ ಹೋದ್ರೆ ಕಪ್ಪಾಗಿ, ನೆರಳಿಗೆ ಬಂದ್ರೆ ತಿಳಿಯಾಗೋ ಗಾಜು ನಾನು ದಿನಾ ಮಾರ್ತೀನಲ್ಲ, ಅದನ್ನೇ ಹಾಕಿದ್ರೆ? ಹಗಲು ಗತ್ತು, ರಾತ್ರಿ ಬೆಳಕು! ಇದು ಇಷ್ಟು ದಿನ ಯಾರ ತಲೆಗೂ ಹೊಳೀಲಿಲ್ಲವಲ್ಲೇ!”

“ಯಾರ ತಲೆಗೂ ಹೊಳೀಲಿಲ್ಲ ಅಂದ್ರೆ ಏನೋ ಕಾರಣ ಇರುತ್ತೆ ಕಣೋ” ಅಂದಳು ಅಜ್ಜಿ. ಅಜ್ಜಿ ಮಾವನ ಹೆತ್ತತಾಯಿ. ಆದ್ದರಿಂದ ಅವಳ ಮಾತನ್ನು ಮಾವ ಗೌರವದಿಂದ ಕೇಳಿ, ಗೌರವದಿಂದ ಮರೆಯುತ್ತಿದ್ದರು.

ಗಾಜಿನ ಏಜೆಂಟನ ಹಿಂದೆ ಬಿದ್ದು, ಅದೇ ಲೇಪನವಿರುವ ತೆಳು ಹಾಳೆಯೊಂದನ್ನು ತರಿಸಿದರು. ಕತ್ತರಿಸಿ, ದುಂಡಗೆ ಮಾಡಿ, ಕನ್ನಡಕದ ಕೆಲಸಕ್ಕೆಂದು ಇಟ್ಟಿದ್ದ ಅಂಟನ್ನು ಧಾರಾಳವಾಗಿ ಸುರಿದು ಹೆಡ್‌ಲೈಟಿಗೆ ಅಂಟಿಸಿದರು. ಅಂಟಿಸುವ ಮುಂಚೆ, ಇಷ್ಟೆಲ್ಲ ಮಾಡಿದ ಮೇಲೆ ಹಳೇ ಹಳದಿ ಬಲ್ಬು ಯಾಕೆ ಅಂತ, ಹೊಸ ನೀಲಿಬಿಳುಪಿನ ಬಲ್ಬು ಹಾಕಿಸಿದರು. ಅದರ ಡಬ್ಬಿಯ ಮೇಲೆ ‘ಸಾಕ್ಷಾತ್ ಸೂರ್ಯನ ಬೆಳಕು’ ಎಂದು ಬರೆದಿತ್ತು.

ಮರುದಿನ ಬೆಳಿಗ್ಗೆ ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದರೆ, ಹಸು ಹೋಗಿ ಹುಲಿ ಬಂದಿತ್ತು. ಕಣ್ಣೆರಡೂ ನೇರಳೆಹಣ್ಣಿನಂತೆ ಕಪ್ಪಗೆ ಮಿನುಗುತ್ತಿದ್ದವು. ಬೀದಿಯವರು ಸೇರಿದರು. ಮಾವ ಬಾನೆಟ್ಟಿನ ಮೇಲೆ ಮೊಣಕೈ ಊರಿ, ಬೆಳಕು ಎಂದರೇನು ಎಂಬಲ್ಲಿಂದ ಶುರುಮಾಡಿದರು. ಕೊನೆಗೆ ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ಅಳಿಯಂದಿರಿಗೂ ಹೇಳಿ. ಆ ಕಪ್ಪು ಬಣ್ಣ ತೆಗೆಸ್ಲಿ. ಪಾಪ, ಅಪಾಯ” ಅಂದರು.

ಮೇಷ್ಟ್ರ ಮುಖ ಹೇಗಾಯಿತೆಂದರೆ, ಬೀದಿಯಲ್ಲಿ ಮೊದಲ ಬಾರಿಗೆ ಯಾರೋ ಅವರಿಗೇ ಅಂಕ ಕೊಟ್ಟ ಹಾಗಿತ್ತು, ಅದೂ ಕಡಿಮೆ.

ಸಂಜೆ ಮುಚ್ಚಂಜೆಯ ಹೊತ್ತಿಗೆ ಅಂಗಡಿ ಮುಚ್ಚಿ ಮಾವನೂ ನಾನೂ ಕಾರು ಹತ್ತಿದೆವು. ಹೆಡ್‌ಲೈಟು ಹಾಕಿದರು. ರಸ್ತೆ ಹಾಲು ಚೆಲ್ಲಿದ ಹಾಗೆ ಬೆಳಗಿತು. ಮಾವ ನನ್ನ ಕಡೆ ತಿರುಗಿ, “ನೋಡಿದೆಯಾ?” ಅಂದರು.

ನೋಡಿದೆ. ನೋಡುತ್ತಿದ್ದ ಹಾಗೆಯೇ ಹಾಲು ಮಜ್ಜಿಗೆಯಾಯಿತು, ಮಜ್ಜಿಗೆ ಕಲಗಚ್ಚಾಯಿತು, ಆಮೇಲೆ ಕಾರಿನ ಮುಂದೆ ಯಾರೋ ಬೀಡಿ ಸೇದುತ್ತಿರುವಷ್ಟು ಮಾತ್ರ ಬೆಳಕು ಉಳಿಯಿತು.

ಆಗಿದ್ದಿಷ್ಟೇ. ಬಲ್ಬಿನ ಡಬ್ಬಿಯ ಮೇಲೆ ಸಾಕ್ಷಾತ್ ಸೂರ್ಯ ಅಂತ ಬರೆದಿತ್ತಲ್ಲ, ಆ ಮಾತನ್ನು ಹಾಳೆ ನಂಬಿಬಿಟ್ಟಿತ್ತು. ಒಳಗೆ ಸೂರ್ಯ ಹುಟ್ಟಿದ ಕೂಡಲೇ ಪಾಪ ಅದು ತನ್ನ ಧರ್ಮ ಪಾಲಿಸಿ ಕಪ್ಪಾಗುತ್ತಿತ್ತು. ದೀಪ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಿಳಿಯಾಗುತ್ತಿತ್ತು. ಹಚ್ಚಿದರೆ ಮತ್ತೆ ಕಪ್ಪು. ಅಂದರೆ ಮಾವನ ಕಾರು ದೀಪ ಬೇಡವಾದಾಗ ಮಾತ್ರ ದೀಪ ಕೊಡಲು ಸಿದ್ಧವಾಗಿತ್ತು.

“ಒಂದು ಮನೇಲಿ ಒಂದು ದೀಪ ಇತ್ತಂತೆ” ಎಂದು ಅಜ್ಜಿ ಶುರುಮಾಡಿದಳು, ನಾವು ಮನೆ ಸೇರಿ ವಿಷಯ ಹೇಳಿದ ಮೇಲೆ. “ತನ್ನ ಬೆಳಕನ್ನ ತಾನೇ ನೋಡಿ ನಾಚ್ಕೊಂಡು ಮುಖ ಮುಚ್ಕೋತಿತ್ತಂತೆ.”

“ಆಮೇಲೆ?” ಅಂದೆ ನಾನು. ಅಜ್ಜಿಯ ಕಥೆಗೆ ‘ಆಮೇಲೆ’ ಅನ್ನದೆ ಇರುವುದು ನನ್ನಿಂದ ಈ ಜನ್ಮದಲ್ಲಿ ಆಗದು.

“ಆಮೇಲೇನು, ಆ ಮನೆಯೋರು ಕತ್ತಲಲ್ಲೇ ಉಂಡ್ರು.”

ಮೆಕ್ಯಾನಿಕ್ಕು ಬಂದ. ಉಗುರಿನಲ್ಲಿ ಕೆರೆದ, ಸ್ಕ್ರೂಡ್ರೈವರಿನಲ್ಲಿ ಮೀಟಿದ. ಮಾವನ ಅಂಟು ಹಾಳೆಯನ್ನು ಗಾಜಿಗೂ ಗಾಜನ್ನು ಚೌಕಟ್ಟಿಗೂ ಜನ್ಮಜನ್ಮಾಂತರಕ್ಕೆ ಕಟ್ಟಿಹಾಕಿತ್ತು. ಬಲ್ಬು ಬದಲಾಯಿಸಲೂ ದಾರಿಯಿಲ್ಲ.

“ತೆಗೀಬೇಕು ಅಂದ್ರೆ ಮುಖಾನೇ ತೆಗೀಬೇಕು ಸಾರ್. ಈ ಹಳೇ ಕಾರಿನ ಹೆಡ್‌ಲೈಟು ಈಗ ಎಲ್ಲೂ ಸಿಗಲ್ಲ. ದೂರದಿಂದ ತರಿಸ್ಬೇಕು. ಬಂದಾಗ ಬರುತ್ತೆ.”

ಮಾವ ನಮ್ಮೆಲ್ಲರನ್ನೂ ಕೂರಿಸಿ ಕೈಮುಗಿದರು. “ಹೊಸದು ಬರೋವರೆಗೆ ಯಾರೂ ಬಾಯಿ ಬಿಡಬೇಡಿ. ಬೀದಿಗೆಲ್ಲ ಪಾಠ ಮಾಡಿದೀನಿ. ಈಗ ಮೇಷ್ಟ್ರಿಗೆ ಗೊತ್ತಾದ್ರೆ ನಾನು ಈ ಬೀದಿಯಲ್ಲಿ ಬದುಕೋ ಹಾಗಿಲ್ಲ.”

ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆವು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಾವ ಕೇಳಿದ್ದು ಬಾಯಿಯ ವಿಷಯ ಮಾತ್ರ.

ಕಾರು ಮನೆಯಲ್ಲಿ ಬಿಟ್ಟು ನಡೆದು ಹೋದರೆ ಮೇಷ್ಟ್ರು ಯಾಕೆ ಅಂತ ಕೇಳುತ್ತಾರೆ. ಆದ್ದರಿಂದ ಮಾವ ದಿನವೂ ಮುಚ್ಚಂಜೆಯಲ್ಲಿ, ಕುತ್ತಿಗೆಯನ್ನು ಆಮೆಯ ಹಾಗೆ ಕಿಟಕಿಯಿಂದ ಹೊರಗೆ ಹಾಕಿ, ಆಮೆಯ ವೇಗದಲ್ಲೇ ಕಾರು ಓಡಿಸಿಕೊಂಡು ಬರತೊಡಗಿದರು. ಕೈಗಾಡಿ ತಳ್ಳುವವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಒಮ್ಮೆ ಟಪಾಲು ಡಬ್ಬಿಗೆ ದಾರಿ ಬಿಡಿ ಅಂತ ಹಾರ್ನ್ ಹೊಡೆದರು. ಅದು ಕದಲದಿದ್ದಾಗ, “ಸ್ವಾಮಿ, ನಿಮಗೇ ಹೇಳಿದ್ದು” ಅಂದರು.

ಹೀಗಿರುವಾಗ ಒಂದು ಸಂಜೆ ನಾನು ಗೆಳತಿಯ ಮನೆಗೆ ಹೋಗಿದ್ದೆ. ಮಾವ ಒಬ್ಬರೇ ಬಂದರು. ತಿರುವಿನಲ್ಲಿ ಕಸದ ತೊಟ್ಟಿಯೊಂದನ್ನು ತಪ್ಪಿಸಿದ ಸಂತೋಷದಲ್ಲಿ ಬಲಕ್ಕೆ ಬದಲು ಎಡಕ್ಕೆ ತಿರುಗಿ, ನೇರವಾಗಿ ಮೇಷ್ಟ್ರ ಅಂಗಳಕ್ಕೆ ಕಾರು ನುಗ್ಗಿಸಿ ನಿಲ್ಲಿಸಿದರು. ಮೇಷ್ಟ್ರ ಮನೆಯವರು ಮಿತವ್ಯಯಿಗಳು, ಪೂರ್ತಿ ಕತ್ತಲಾಗದೆ ಒಳಗಾಗಲಿ ಹೊರಗಾಗಲಿ ದೀಪ ಹಾಕುವುದಿಲ್ಲ. ಮೇಷ್ಟ್ರ ಹೆಂಡತಿ ಸದ್ದು ಕೇಳಿ ಹೊರಗೆ ಬಂದರು. ಮಾವ ತರಕಾರಿ ಚೀಲವನ್ನು ಅವರ ಕೈಗೆ ತುರುಕಿ, “ಏ, ನಿಮ್ಮಣ್ಣ ಫೋನ್ ಮಾಡಿದ್ರೆ ನಾನಿಲ್ಲ ಅಂದ್ಬಿಡೇ” ಎಂದು ಒಳಗೆ ಹೋಗಿ ಮೇಷ್ಟ್ರ ಕುರ್ಚಿಯಲ್ಲಿ ಕೂತು ಚಪ್ಪಲಿ ಬಿಟ್ಟರು.

ಮೇಷ್ಟ್ರು ದೀಪ ಹಾಕಿದರು. ಮಾವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅವರ ದನಿಯಲ್ಲಿ ಇದ್ದಕ್ಕಿದ್ದಂತೆ ಕರುಣೆ ಬಂತು.

“ಎಷ್ಟು ದಿನದಿಂದ ಹೀಗೆ?”

ಗುಟ್ಟು ಬಯಲಾಯಿತು ಎಂದುಕೊಂಡರು ಮಾವ. ತಲೆ ತಗ್ಗಿಸಿ, “ಹೋದ ವಾರದಿಂದ” ಅಂದರು.

“ಎರಡೂನಾ?”

“ಎರಡೂ. ಬಲಗಡೇದು ಸ್ವಲ್ಪ ಜಾಸ್ತಿ.”

“ಅಯ್ಯೋ. ತೋರಿಸಿದ್ರಾ?”

“ತೋರಿಸ್ದೆ. ಮುಖಾನೇ ತೆಗೀಬೇಕಂತೆ.”

ಮೇಷ್ಟ್ರ ಹೆಂಡತಿ ತರಕಾರಿ ಚೀಲ ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದರು.

“ದಯವಿಟ್ಟು ಯಾರಿಗೂ ಹೇಳ್ಬೇಡಿ ಮೇಷ್ಟ್ರೇ. ಅಂಗಡಿ ಮರ್ಯಾದೆ ಪ್ರಶ್ನೆ.”

“ಛೆ ಛೆ, ನಾನ್ಯಾಕೆ ಹೇಳ್ಲಿ!” ಎಂದ ಮೇಷ್ಟ್ರು ಮಾವನ ಕೈ ಹಿಡಿದು, “ಇಲ್ಲಿ ಮೆಟ್ಟಿಲು. ಇನ್ನೊಂದು. ಈಗ ಸಮ” ಎಂದು ಹೇಳುತ್ತಾ ರಸ್ತೆ ದಾಟಿಸಿ ನಮ್ಮ ಬಾಗಿಲಿಗೆ ತಂದು ಒಪ್ಪಿಸಿದರು. ಮೇಷ್ಟ್ರು ಎಂಥಾ ದೊಡ್ಡ ಮನುಷ್ಯ ಎಂದು ಮಾವ ಅವತ್ತು ಎರಡು ಸಲ ಹೇಳಿ ಮಲಗಿದರು.

ಮೇಷ್ಟ್ರು ಮಾತಿಗೆ ತಪ್ಪಲಿಲ್ಲ, ಯಾರಿಗೂ ಹೇಳಲಿಲ್ಲ. ಹೇಳಿದ್ದು ಅವರ ಹೆಂಡತಿ.

ಬೆಳಿಗ್ಗೆ ಅಂಗಡಿಗೆ ಹೋದ ಮೇಲೆ ಪಕ್ಕದ ಚಹಾದವನು ಎಂದಿನಂತೆ ಲೋಟ ತಂದ. ಮೇಜಿನ ಮೇಲೆ ಇಡಲಿಲ್ಲ. ಮಾವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಲೋಟಕ್ಕೆ ಸುತ್ತಿಸಿ, ಕಿವುಡರಿಗೆ ಹೇಳುವಂತೆ ಕೂಗಿದ: “ಬಿಸಿ ಇದೆ ಸಾರ್! ಬಾಯಿ ಮೇಲ್ಗಡೆ ಇದೆ!”

“ಯಾರ ಬಾಯಿ?” ಅಂದರು ಮಾವ.

“ಲೋಟದ್ದು ಸಾರ್!”

ಆಮೇಲೆ ಒಬ್ಬ ಹೆಂಗಸು ಬಂದು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದಳು. “ನೀವು ಇದನ್ನ ಕೊಟ್ಟಾಗಿಂದ ನಮ್ಮತ್ತೆ ನನ್ನ ನೋಡಿ ನಕ್ಕ ಹಾಗೆ ಕಾಣಿಸ್ತಾರೆ. ಆಗ್ಲೇ ಅನುಮಾನ ಬಂದಿತ್ತು. ಕಣ್ಣು ಕಾಣದವ್ರ ಹತ್ರ ಕಣ್ಣು ತೋರಿಸಿದ್ನಲ್ಲ!”

ಮಧ್ಯಾಹ್ನದೊಳಗೆ ವಾಪಸು ಬಂದ ಕನ್ನಡಕಗಳು ಮೇಜಿನ ಮೇಲೆ ಸಾಲಾಗಿ ಕೂತು ಮಾವನನ್ನೇ ನೋಡತೊಡಗಿದವು. ಅತ್ತೆಯ ಅಣ್ಣ ಫೋನು ಮಾಡಿ, ತನ್ನ ಕಾರ್ಖಾನೆಯಲ್ಲಿ ಬರೀ ಫೋನ್ ಎತ್ತುವ ಕೆಲಸವೊಂದಿದೆ, ಅದಕ್ಕೆ ಕಣ್ಣು ಬೇಕಿಲ್ಲ, ಭಾವನಿಗೆ ಎತ್ತಿಡಲೇ ಎಂದು ಕೇಳಿದ. ಮಾವನಿಗೆ ಆಗ ಅರ್ಥವಾಯಿತು.

“ಹೋಗಿ ನಿಜ ಹೇಳ್ಬಿಡಿ. ಕಣ್ಣು ನನಗಲ್ಲ, ಕಾರಿಗೆ ಹೋಗಿರೋದು ಅನ್ನಿ” ಅಂದಳು ಅತ್ತೆ.

“ಹೇಗೇ ಹೇಳ್ಲಿ? ಬೆಳಕಿನ ಶಾಸ್ತ್ರ ಓದಿದೋನು ದೀಪಕ್ಕೆ ಕಪ್ಪು ಕನ್ನಡಕ ಹಾಕ್ದ ಅಂತ ಹೇಳ್ಲಾ? ಕುರುಡ ಅಂದ್ರೆ ಜನ ಪಾಪ ಅಂತಾರೆ. ದಡ್ಡ ಅಂದ್ರೆ?”

“ದಡ್ಡ ಅಂದ್ರೂ ಪಾಪ ಅಂತಾರೆ ರೀ. ನನಗೆ.”

ಮಾವ ಕುರುಡನೂ ಆಗದೆ ದಡ್ಡನೂ ಆಗದೆ ಪಾರಾಗುವ ಮೂರನೇ ದಾರಿ ಹುಡುಕಿದರು. ಅಂಗಡಿ ಮುಂದೆ ಜನರನ್ನು ಕೂಡಿಸಿ, ಕುರ್ಚಿಯಲ್ಲಿ ಕೂತು, ಗೋಡೆಯ ಬೋರ್ಡನ್ನು ಗಟ್ಟಿಯಾಗಿ ಓದಿದರು. “ಗ! ಸ, ರ! ಪ, ಠ, ಲ! ಮ, ಟ, ನ, ಹ!” ಕೊನೆಯ ಸಾಲಿನವರೆಗೂ ಒಂದಕ್ಷರ ತಪ್ಪಲಿಲ್ಲ. ಎದ್ದು ನಿಂತು ಎಲ್ಲರನ್ನೂ ನೋಡಿದರು.

ಮೇಷ್ಟ್ರು ತಲೆಯಾಡಿಸಿದರು. “ಅದು ಬಾಯಿಪಾಠ. ದಿನಾ ಕೇಳೋ ಬೋರ್ಡು. ಕಣ್ಣು ಮುಚ್ಕೊಂಡೂ ಹೇಳ್ತೀರಿ. ನಾನು ಇಂಥ ಮಕ್ಕಳನ್ನ ಬೇಕಾದಷ್ಟು ನೋಡಿದೀನಿ.”

ಜನ ಹೌದು ಹೌದು ಅಂದರು. ಚಹಾದವನು ಮಾವನ ಬೆನ್ನು ಸವರಿದ.

“ಹಾಗಾದ್ರೆ ಹೊಸ ಬೋರ್ಡು ಬರೆಸ್ತೀನಿ! ನಾನೂ ನೋಡಿರಬಾರದು, ನೀವೂ ನೋಡಿರಬಾರದು, ಆಯ್ತಾ?” ಎಂದು ಕೂಗಿದ ಮಾವ ನನ್ನ ಕಡೆ ತಿರುಗಿದರು. “ನೀನು ಬರಿ. ಯಾರಿಗೂ ತೋರಿಸ್ಬೇಡ. ಬರೆದು, ಬಟ್ಟೆ ಮುಚ್ಚಿ, ಹಳೇದ್ರ ಜಾಗದಲ್ಲಿ ನೇತುಹಾಕು.”

ನಾನು ಬಾಗಿಲು ಹಾಕಿಕೊಂಡು ಕುಂಚ ಹಿಡಿದೆ. ಅಕ್ಷರಗಳು ಮೇಲಿಂದ ಕೆಳಕ್ಕೆ ಸಣ್ಣದಾಗುತ್ತಾ ಬರುವುದನ್ನು ನೋಡಿದರೆ ಯಾರೋ ಮೆಟ್ಟಿಲಿಳಿದು ಪಾತಾಳಕ್ಕೆ ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು. ಅಜ್ಜಿಯ ಕಥೆಗಳಲ್ಲಿ ಪಾತಾಳದಲ್ಲಿ ಯಾವಾಗಲೂ ಒಂದು ಗುಟ್ಟು ಇರುತ್ತದೆ. ಕೊನೆಯ ಸಾಲು ಬರುವ ಹೊತ್ತಿಗೆ ಕುಂಚ ಇಟ್ಟು, ಸೂಜಿಮೊನೆಯಂಥ ಪೆನ್ನು ತೆಗೆದುಕೊಂಡೆ. ಇಷ್ಟು ಚಿಕ್ಕದನ್ನು ಯಾರು ಓದುತ್ತಾರೆ ಎಂದುಕೊಂಡು ಎಂಟಕ್ಷರ ಬರೆದೆ. ಬಾಯಿ ಮುಚ್ಚಿಯೇ ಇತ್ತು.

ಅಷ್ಟರಲ್ಲಿ ಡಿಪೋದಿಂದ ಡ್ರೈವರೊಬ್ಬ ಬಂದು ಸಾಹೇಬರು ಕರೀತಿದ್ದಾರೆ ಅಂದ. ಈ ವರ್ಷದ ತಪಾಸಣೆ ಬೇರೆ ಅಂಗಡಿಗೆ ಹೋಗುತ್ತದಂತೆ ಎಂದೂ ಅಂದ. ಮಾವ ಕುರ್ಚಿಯಲ್ಲಿ ಕುಸಿದರು. ಡಿಪೋ ಹೋದರೆ ಅಂಗಡಿ ಹೋದ ಹಾಗೆ. ಅಂಗಡಿ ಹೋದರೆ ಭಾವಮೈದುನನ ಕಾರ್ಖಾನೆಯಲ್ಲಿ ದಿನವಿಡೀ ‘ಹಲೋ’ ಅನ್ನಬೇಕು.

“ನಾನೂ ಬರ್ತೀನಿ. ಮುದುಕಿ ಮುಖ ನೋಡಿ ಸಾಹೇಬ್ರು ಕರಗಬಹುದು” ಎಂದು, ಬೋರ್ಡಿನ ತಮಾಷೆ ನೋಡಲು ಅಂಗಡಿಗೆ ಬಂದಿದ್ದ ಅಜ್ಜಿ ಹೊರಟಳು. ಅಜ್ಜಿಯ ಜೊತೆಗೆ ನಾನು.

ಸಾಹೇಬರು ಕರಗಲಿಲ್ಲ. ಸಂಜೆಯವರೆಗೆ ಹೊರಗಿನ ಬೆಂಚಿನಲ್ಲಿ ಕೂರಿಸಿ, ಆಮೇಲೆ ಒಳಗೆ ಕರೆದು, “ನೋಡಿ, ಕಣ್ಣು ಕಾಣದವ್ರು ನನ್ನ ಡ್ರೈವರ್‌ಗಳ ಕಣ್ಣು ನೋಡೋದು ಅಂದ್ರೆ ಏನ್ರೀ? ನಾಳೆ ಬಸ್ಸು ಕೆರೆಗೆ ಹೋದ್ರೆ ಯಾರು ಹೊಣೆ?” ಅಂದರು.

“ನನ್ನ ಕಣ್ಣು ಚೆನ್ನಾಗಿದೆ ಸಾಹೇಬ್ರೇ. ಅಂಗಡೀಲಿ ಬೋರ್ಡು ಓದಿ ತೋರಿಸ್ತೀನಿ. ನೀವೇ ಬಂದು ಪರೀಕ್ಷೆ ಮಾಡಿ.”

ಸಾಹೇಬರು ಸ್ವಲ್ಪ ಯೋಚಿಸಿದರು. “ಸರಿ, ನಡೀರಿ. ನಿಮ್ಮ ಕಾರಲ್ಲೇ ಹೋಗೋಣ. ನೀವೇ ಓಡಿಸಿ. ಅರ್ಧ ಪರೀಕ್ಷೆ ದಾರೀಲೇ ಆಗುತ್ತೆ.”

ಹೊರಗೆ ಆಗಲೇ ಕಪ್ಪೇರುತ್ತಿತ್ತು. ಡಿಪೋದಿಂದ ಅಂಗಡಿಗೆ ಬರುವ ಗೋದಾಮುಗಳ ರಸ್ತೆಯಲ್ಲಿ ಬೀದಿದೀಪಗಳಿಲ್ಲ. ಮಾವ ನನ್ನ ಮುಖ ನೋಡಿದರು, ನಾನು ಅಜ್ಜಿಯ ಮುಖ ನೋಡಿದೆ, ಅಜ್ಜಿ ಕಾರಿನ ಮುಖ ನೋಡಿದಳು.

ಸಾಹೇಬರು ಮುಂದೆ, ನಾವಿಬ್ಬರು ಹಿಂದೆ. ಹೆಡ್‌ಲೈಟು ಹತ್ತಿತು. “ಭೇಷ್! ಒಳ್ಳೆ ಬೆಳಕು” ಅಂದರು ಸಾಹೇಬರು. ಆ ‘ಬೆಳಕು’ ಎಂಬ ಮಾತು ಮುಗಿಯುವುದರೊಳಗೆ ಹಾಲು ಮಜ್ಜಿಗೆಯಾಗಿತ್ತು.

ಮಾವ ಕುತ್ತಿಗೆ ಹೊರಗೆ ಹಾಕಿದರು. ಅಜ್ಜಿಯೂ ಹಿಂದಿನ ಕಿಟಕಿಯಿಂದ ಹಾಕಿದಳು. ಕಾರು ಗರ್ಭಿಣಿಯ ಹಾಗೆ ಹೆಜ್ಜೆಯಿಟ್ಟಿತು. ನಾನು ಸಾಹೇಬರನ್ನೇ ನೋಡುತ್ತಿದ್ದೆ. ಈಗ ಕೇಳುತ್ತಾರೆ, ಈಗ ಕೂಗುತ್ತಾರೆ, ‘ಏನ್ರೀ ಇದು, ಏನೂ ಕಾಣ್ತಿಲ್ಲ’ ಅನ್ನುತ್ತಾರೆ. ಅವರು ಅನ್ನಲಿಲ್ಲ. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಮತ್ತೆ ಎದುರಿಗೆ ನೋಡಿದರು. ಮತ್ತೆ ಒರೆಸಿಕೊಂಡರು.

“ಎಡಗಡೆ ನಾಯಿ ಮಲಗಿದೆ ಕಣೋ” ಅಂದಳು ಅಜ್ಜಿ.

“ಕಾಣಿಸ್ತಮ್ಮ” ಅಂದರು ಮಾವ, ಕಾಣಿಸದೆ.

“ಹೌದು ಹೌದು” ಎಂದರು ಸಾಹೇಬರು ಅವಸರವಸರವಾಗಿ, ಬಲಗಡೆ ನೋಡುತ್ತಾ. “ಒಳ್ಳೆ ಜಾತಿ ನಾಯಿ. ಕಿವಿ ನೋಡಿದ್ರೇ ಗೊತ್ತಾಗುತ್ತೆ.”

ಕಾರು ಅದರ ಪಕ್ಕದಲ್ಲೇ ಹಾದಾಗ ನಾನು ಬಗ್ಗಿ ನೋಡಿದೆ. ಅದು ಖಾಲಿ ಸಿಮೆಂಟಿನ ಚೀಲ.

ಹಿಂದಿನಿಂದ ಸೈಕಲ್ಲೊಂದು ಬಂದು ನಮ್ಮ ಪಕ್ಕದಲ್ಲೇ ಸ್ವಲ್ಪ ದೂರ ಬಂತು. ಅದರ ಮೇಲಿದ್ದವನು ಕಿಟಕಿಗೆ ಬಗ್ಗಿ, “ತಳ್ಬೇಕಾ ಸಾರ್?” ಅಂದ.

“ಬೇಡಪ್ಪ, ಗಾಳಿ ತಗೋತಿದೀವಿ” ಅಂದರು ಸಾಹೇಬರೇ. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ನಾಲ್ಕು ಜನ ಕೂತ ಆ ಕಾರಿನಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ, ಎಲ್ಲರೂ ಎಲ್ಲವನ್ನೂ ನೋಡುತ್ತಿದ್ದರು. ದೀಪ ಹೀಗೆ ಕೈಕೊಟ್ಟರೂ ಸಾಹೇಬರು ಯಾಕೆ ಸುಮ್ಮನಿದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಅಂಗಡಿಯಲ್ಲಿ.

ಅಂಗಡಿಯಲ್ಲಿ ಬೀದಿಯೇ ನೆರೆದಿತ್ತು. ಮೇಷ್ಟ್ರು, ಅವರ ಹೆಂಡತಿ, ಚಹಾದವನು, ಕನ್ನಡಕ ಕುಕ್ಕಿದ ಹೆಂಗಸು, ಎಲ್ಲರೂ. ಬೋರ್ಡಿನ ಮೇಲೆ ಬಟ್ಟೆ.

ಸಾಹೇಬರು ಒಳಗಿನ ಬೆಳಕಿಗೆ ಬಂದ ಮೇಲೆ ಜೀವ ಬಂದವರಂತಾದರು. ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. “ನ್ಯಾಯ ಅಂದ್ರೆ ನ್ಯಾಯ. ಮೊದಲು ನಾನು ಓದ್ತೀನಿ. ಎಲ್ರೂ ಕೇಳಿಸ್ಕೊಳ್ಳಿ. ಆಮೇಲೆ ಇವ್ರು ಓದ್ಲಿ. ನನ್ನದಕ್ಕೆ ಹೊಂದಿದ್ರೆ ಡಿಪೋ ಕೆಲಸ ಇವರದ್ದೇ. ಹೊಂದದಿದ್ರೆ ಇವತ್ತಿಗೆ ಮುಗೀತು. ಹೂಂ, ಬಟ್ಟೆ ತೆಗೀರಿ.”

ಇದು ಹೊಸ ಬೋರ್ಡು ಎಂದು ಮೇಷ್ಟ್ರು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಬಟ್ಟೆ ಎಳೆದಾಗಿತ್ತು, ಸಾಹೇಬರು ಶುರುಮಾಡಿಯೂ ಆಗಿತ್ತು.

“ಗ! ಸ, ರ! ಪ, ಠ, ಲ! ಮ, ಟ, ನ, ಹ!”

ಒಂದೇ ಉಸಿರು. ಕೊನೆಯ ಸಾಲಿನವರೆಗೂ ಓದಿ ಮೀಸೆ ತೀಡಿಕೊಂಡರು. “ಕಣ್ಣು ಅಂದ್ರೆ ಹೀಗಿರ್ಬೇಕು!”

ಯಾರೂ ಚಪ್ಪಾಳೆ ತಟ್ಟಲಿಲ್ಲ. ದೂರದಲ್ಲಿದ್ದವರಿಗೆ ಬೋರ್ಡು ಕಾಣುತ್ತಿರಲಿಲ್ಲ. ಹತ್ತಿರದಲ್ಲಿದ್ದ ನನಗೆ ಕಾಣುತ್ತಿತ್ತು. ನಾನು ಬರೆದ ತಲೆಯಕ್ಷರ ಅಂಗೈ ಅಗಲದ ‘ಜ’.

ಮಾವನಿಗೂ ಕಂಡಿತು. ಅವರ ಮುಖದಲ್ಲಿ ಒಂದು ಕ್ಷಣಕ್ಕೆ ಏನೇನೋ ಬಂದು ಹೋಯಿತು. ಹಳೇ ಬೋರ್ಡು ಅವರಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಕಣ್ಣು ಮುಚ್ಚಿ ಅದನ್ನೇ ಒಪ್ಪಿಸಿದರೆ ಸಾಹೇಬರದಕ್ಕೆ ಹೊಂದುತ್ತದೆ, ಡಿಪೋ ಉಳಿಯುತ್ತದೆ. ಕಣ್ಣು ಬಿಟ್ಟು ಇದ್ದದ್ದನ್ನು ಓದಿದರೆ ಕುರುಡನೆಂದು ತೀರ್ಮಾನವಾಗುತ್ತದೆ. ಇಂಥ ಪೇಚು ಅಜ್ಜಿಯ ಯಾವ ರಾಕ್ಷಸನೂ ಯಾವ ರಾಜಕುಮಾರನಿಗೂ ಒಡ್ಡಿರಲಿಲ್ಲ.

ಮಾವ ಒಂದೇ ಒಂದು ಸುಳ್ಳು ಹೇಳಲಿ ಎಂದು ನಾನು ಹಾರೈಸಿದೆ. ಅಂಗಡಿಗಾಗಿ ಮಾತ್ರವಲ್ಲ, ಕೊನೆಯ ಸಾಲಿಗಾಗಿಯೂ.

ಮಾವ ಕುರ್ಚಿಯಲ್ಲಿ ಕೂತರು. “ಕ್ಷಮಿಸಿ ಸಾಹೇಬ್ರೇ” ಅಂದರು. “ಅದು ‘ಗ’ ಅಲ್ಲ. ‘ಜ’.”

“ತಪ್ಪು!” ಅಂದರು ಸಾಹೇಬರು.

“ಣ, ಬ.”

“ತಪ್ಪು! ಎರಡೂ ತಪ್ಪು!”

“ತ, ಯ, ಶ.”

“ಅಯ್ಯೋ, ಪೂರ್ತಿ ಹೋಗಿದೆ ಪಾಪ” ಎಂದು ಚಹಾದವನು ಕಣ್ಣೊರೆಸಿಕೊಂಡ.

ಆಗ ಮೇಷ್ಟ್ರು ಮುಂದೆ ಬಂದರು. ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತರು. ಅಂಕ ಕೊಡುವ ವಿಷಯದಲ್ಲಿ ಅವರು ಹೆತ್ತ ಮಕ್ಕಳಿಗಾಗಿಯೂ ಮೋಸ ಮಾಡಿದವರಲ್ಲ. “ಸಾಹೇಬ್ರೇ... ಇವರು ಓದಿದ್ದೇ ಸರಿ” ಎಂದರು ನಿಧಾನವಾಗಿ. “ಮುಂದಕ್ಕೆ ಓದಿ. ನಾನು ತಾಳೆ ನೋಡ್ತೀ‌ನಿ.”

ಮಾವ ಓದಿದರು. ಒಂದೊಂದು ಅಕ್ಷರಕ್ಕೂ ಮೇಷ್ಟ್ರು “ಸರಿ” ಅಂದರು. ಜನರ ಕುತ್ತಿಗೆಗಳು ಮಾವನಿಂದ ಮೇಷ್ಟ್ರಿಗೆ, ಮೇಷ್ಟ್ರಿಂದ ಮಾವನಿಗೆ ತಿರುಗಿದವು. ಅಂಗಡಿ ಉಳಿಯುತ್ತಿತ್ತು. ಅಕ್ಷರಕ್ಕೆ ಅಕ್ಷರ ಉಳಿಯುತ್ತಿತ್ತು.

“ಇಷ್ಟು ಸಾಕು ಮಾವ!” ಎಂದು ಕೂಗಿದೆ.

“ಯಾಕೆ ಸಾಕು? ಕೊನೇ ಸಾಲೂ ಓದ್ತೀನಿ!” ಎಂದರು ಮಾವ. ಅವರಿಗೆ ಈಗ ಹುರುಪು ಬಂದಿತ್ತು. ಬೋರ್ಡು ಓದುವವರು ಅಕ್ಷರ ಓದುತ್ತಾರೆ, ಅರ್ಥ ಓದುವುದಿಲ್ಲ. ಮಾವ ಒಂದೊಂದಕ್ಕೂ ಕೈಯೆತ್ತಿ, ಬೀದಿಯ ಕೊನೆಗೂ ಕೇಳುವಂತೆ ಸಾರಿದರು:

“ಮಾ! ವ! ನ! ಕಾ! ರು! ಕು! ರು! ಡು!”

ಮೇಷ್ಟ್ರು ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದರು, ಒಂದನೇ ಕ್ಲಾಸಿನ ಮಗುವಿನ ಹಾಗೆ. “ಮಾವನ... ಕಾರು... ಕುರುಡು?”

ನಾನು ಗಲ್ಲಾದ ಹಿಂದೆ ಕೂತುಬಿಟ್ಟೆ. ಅಜ್ಜಿಯ ನಗು ಮೊದಲು ಕೇಳಿತು. ಅವಳ ಬಾಯೂ ಅಲ್ಲಿಯವರೆಗೆ ಮುಚ್ಚಿತ್ತು, ಪಾಪ.

ಮುಂದಿನದನ್ನು ಎಷ್ಟು ಅಂತ ಹೇಳಲಿ. ಎಲ್ಲರೂ ಹೊರಗೆ ಓಡಿ ಕಾರನ್ನು ಮುತ್ತಿದರು. ಮಾವ ತಲೆ ತಗ್ಗಿಸಿ ದೀಪ ಹಾಕಿದರು. ಹಾಲು, ಮಜ್ಜಿಗೆ, ಕಲಗಚ್ಚು. “ಇನ್ನೊಂದ್ಸಲ ಸಾರ್!” ಎಂದು ಚಹಾದವನು ಕುಣಿದ. ಮೇಷ್ಟ್ರು ಕಾರಿನ ಮುಂದೆ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, “ಮುಖಾನೇ ತೆಗೀಬೇಕಂತೆ!” ಎಂದು ಹೇಳಿ ಹೇಳಿ ನಕ್ಕರು.

“ಹಾಗಾದ್ರೆ ಅವತ್ತು ನೀವು ನನ್ನನ್ನ...” ಎಂದರು ಮೇಷ್ಟ್ರ ಹೆಂಡತಿ.

“ಕತ್ತಲಮ್ಮಾ, ಬರೀ ಕತ್ತಲು” ಅಂದರು ಮಾವ.

ಕನ್ನಡಕ ಕುಕ್ಕಿದ ಹೆಂಗಸು ಒಳಗೆ ಬಂದು ತನ್ನ ಕನ್ನಡಕ ಹುಡುಕಿ ತೆಗೆದುಕೊಂಡು ಹಾಕಿಕೊಂಡಳು. “ಅಂದ್ರೆ ನಮ್ಮತ್ತೆ ನಿಜವಾಗ್ಲೂ ನಗ್ತಿದಾರಾ?” ಎಂದು ಗಾಬರಿಯಿಂದ ಮನೆಗೆ ಓಡಿದಳು.

ಮಾವನ ದಡ್ಡತನದ ಆ ದೊಡ್ಡ ಬೆಳಕಿನಲ್ಲಿ ಸಾಹೇಬರು ಯಾರಿಗೂ ಕಾಣಲಿಲ್ಲ. ಅವರು ಒಳಗೆ, ಬೋರ್ಡಿನ ಮುಂದೆ ಒಬ್ಬರೇ ನಿಂತಿದ್ದರು. ಮಾವ ಬಂದು ಷಟರನ್ನು ಅರ್ಧಕ್ಕೆ ಎಳೆದರು. ನಾನಿನ್ನೂ ಗಲ್ಲಾದ ಹಿಂದೆಯೇ ಕೂತಿದ್ದೆ, ಹೊರಗೆ ಬರುವ ಧೈರ್ಯವಿರಲಿಲ್ಲ.

“ಎಷ್ಟು ದಿನದಿಂದ ಹೀಗೆ?” ಅಂದರು ಮಾವ, ಮೆತ್ತಗೆ.

“ಬಹಳ ವರ್ಷ ಆಯ್ತು.”

“ಎರಡೂನಾ?”

“ಎರಡೂ. ಬಲಗಡೇದು ಸ್ವಲ್ಪ ಜಾಸ್ತಿ.” ಸಾಹೇಬರು ಮೀಸೆ ಮುಟ್ಟಿಕೊಂಡರು, ತೀಡಲಿಲ್ಲ. “ಕಾರಲ್ಲಿ ಬರ್ತಾ ಪೂರ್ತಿ ಹೋಯ್ತು ಅಂದ್ಕೊಂಡೆ ಕಣ್ರೀ. ಜೀವ ಬಾಯಿಗೆ ಬಂದಿತ್ತು. ಯಾರಿಗೂ ಹೇಳ್ಬೇಡಿ. ಕನ್ನಡಕ ಹಾಕ್ಕೊಂಡ್ರೆ ಡ್ರೈವರ್‌ಗಳ ಮುಂದೆ ನನ್ನ ಗತ್ತು ಏನಾಗ್ಬೇಕು?”

ಗತ್ತು ಎಂಬ ಮಾತು ಕೇಳಿದ ಕೂಡಲೇ ಮಾವನ ಕಣ್ಣು ಮಿಂಚಿತು. ಡ್ರಾಯರ್ ಎಳೆದರು. “ಸಾಹೇಬ್ರೇ, ನನ್ನ ಹತ್ರ ಒಂದು ಗಾಜಿದೆ. ಬಿಸಿಲಿಗೆ ಹೋದ್ರೆ ಕಪ್ಪಾಗುತ್ತೆ. ನೋಡಿದೋರು ಸ್ಟೈಲಿಗೆ ಹಾಕಿದಾರೆ ಅಂತಾರೆ. ಕಾರಿಗೆ ಒಗ್ಗಲ್ಲ, ಮನುಷ್ಯರಿಗೆ ಬಹಳ ಚೆನ್ನಾಗಿ ಒಗ್ಗುತ್ತೆ.”

ಈಗ ಡಿಪೋ ಸಾಹೇಬರು ಹುಲಿಯ ಹಾಗೆ ಕಪ್ಪು ಕಣ್ಣು ಹೊತ್ತು ಬಿಸಿಲಲ್ಲಿ ಓಡಾಡುತ್ತಾರೆ. ಮಾವನ ಕಾರಿಗೆ ದೂರದಿಂದ ಹೊಸ ಹೆಡ್‌ಲೈಟು ಬಂದು, ಅದು ಮತ್ತೆ ಕರು ಕಳೆದುಕೊಂಡ ಹಸುವಾಗಿದೆ. ಮೇಷ್ಟ್ರು ಅದರ ಮುಂದೆ ಹಾಯುವಾಗಲೆಲ್ಲ, “ಸಿಕ್ತೇನಮ್ಮಾ?” ಎಂದು ಕೇಳುತ್ತಾರೆ. ನನ್ನನ್ನು ಮಾವ ಒಂದು ವಾರ ಮಾತಾಡಿಸಲಿಲ್ಲ. ಆಮೇಲೆ ಮಾತಾಡಿಸಲೇಬೇಕಾಯಿತು.

ಯಾಕೆಂದರೆ ವರ್ಷದ ತಪಾಸಣೆ ಶುರುವಾಗಿದೆ. ಡ್ರೈವರುಗಳು ಸಾಲಾಗಿ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಅಂಗೈ ಅಗಲದ ‘ಜ’ಕ್ಕೆ ಕಣ್ಣು ಕಿರಿದು ಮಾಡಿ, “ಅದೇನೋ ದುಂಡಗಿದೆ ಸಾರ್, ಬಸ್ಸಿನ ಚಕ್ರಾನಾ?” ಅನ್ನುತ್ತಾರೆ. ಆದರೆ ಕೊನೆಯ ಸಾಲು ಬಂತೆಂದರೆ ಬೆನ್ನು ನೆಟ್ಟಗೆ ಮಾಡಿ, ಒಬ್ಬರೂ ತಪ್ಪದೆ, ಒಂದಕ್ಷರವೂ ಬಿಡದೆ, ಬೀದಿಗೆಲ್ಲ ಕೇಳುವಂತೆ ಓದುತ್ತಾರೆ.

“ಹೊಸ ಬೋರ್ಡು ಬರಿಯೇ” ಎಂದು ಮಾವ ದಿನಕ್ಕೆ ಹತ್ತು ಸಲ ಅಂಗಲಾಚುತ್ತಾರೆ.

ಬರೆಯುತ್ತೇನೆ. ಮೇಲಿನ ಸಾಲುಗಳೆಲ್ಲ ಆಗಿವೆ. ಕೊನೆಯದಕ್ಕೆ ಏನು ಬರೆಯಲಿ ಎಂದು ಯೋಚಿಸುತ್ತಾ ಕೂತಿದ್ದೇನೆ.